‘ಕಿವಿಯ ನರ ವೀಕ್ ಆಗಿದೆ’ ಅಂದರೆ ಆಗಿರುವುದೇನು?

ಪ್ರಶ್ನೆ: ನಮ್ಮ ಅಪ್ಪಾಜಿಗೆ 69 ವರ್ಷ. ದಾವಣಗೆರೆಯ ಕಾಟನ್ ಮಿಲ್ಲಿನಲ್ಲಿ, ಮಗ್ಗದ ವಿಭಾಗದಲ್ಲಿ 18 ವರ್ಷ ದುಡಿದವರು. ಕಿವಿ ಟೆಸ್ಟ್ ಮಾಡಿಸಿದಾಗ ರಿಪೋರ್ಟಿನಲ್ಲಿ ‘ಬೈಲ್ಯಾಟರಲ್ ಮಾಡರೇಟ್ ಸೆನ್ಸರಿನ್ಯೂರಲ್ ಹಿಯರಿಂಗ್ ಲಾಸ್’ ಅಂತ ಬರೆದರು. ಕೇಳಿದರೆ ನರ ವೀಕ್ ಆಗಿದೆ, ಮಷೀನು ಹಾಕಿಸಿ ಅಂದರು. ನರಕ್ಕೆ ಶಕ್ತಿ ಬರುವ ಮಾತ್ರೆ ತಗೊಂಡರೆ ಸರಿಹೋಗಲ್ವಾ?
– ನಿಟ್ಟುವಳ್ಳಿಯ ಓದುಗರು

ಉತ್ತರ: ಮಾತ್ರೆಯಿಂದ ಸರಿಹೋಗಲ್ಲ. ನಿಮ್ಮನ್ನು ದಾರಿ ತಪ್ಪಿಸಿದ್ದು ಆ ‘ನರ’ ಅನ್ನೋ ಪದ.

ರಿಪೋರ್ಟಿನ ಮೊದಲ ಎರಡು ಪದ ಸುಲಭ. ಬೈಲ್ಯಾಟರಲ್ ಅಂದರೆ ಎರಡೂ ಕಿವಿಗೆ. ಮಾಡರೇಟ್ ಅಂದರೆ ಮಧ್ಯಮ ಮಟ್ಟದ್ದು. ಹಳೆಯ ಅಳತೆಯಲ್ಲಿ ಇದು 41ರಿಂದ 55 ಡೆಸಿಬಲ್. ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಳತೆಯಲ್ಲಿ 35ರಿಂದ 50ರ ಒಳಗೆ. ಹಾಗಾಗಿ ಒಂದೇ ಕಿವಿಗೆ ಎರಡು ಕಡೆ ಬೇರೆ ಬೇರೆ ಹೆಸರು ಬರೆದರೆ ಗಾಬರಿಯಾಗಬೇಡಿ. ಇನ್ನೊಂದು ಮಾತು: 50 ಡೆಸಿಬಲ್ ಅಂದರೆ 50 ಪರ್ಸೆಂಟ್ ಕಿವುಡು ಅಲ್ಲ. ಶಬ್ದವನ್ನು ಎಷ್ಟು ಜೋರು ಮಾಡಿದಾಗ ಕೇಳಲು ಶುರುವಾಯಿತು ಅನ್ನೋದರ ಲೆಕ್ಕ ಅದು.

ಗುಟ್ಟೆಲ್ಲ ಇರೋದು ಸೆನ್ಸರಿನ್ಯೂರಲ್ ಅನ್ನೋ ಪದದಲ್ಲಿ.

ಶಬ್ದ ಮೊದಲು ಕಿವಿಯ ತಮಟೆಗೆ ಬಡಿಯುತ್ತದೆ. ತಮಟೆಯ ಹಿಂದೆ ಮೂರು ಮೂಳೆ. ಕೊನೆಯದರ ಹೆಸರು ಸ್ಟೇಪಿಸ್, ಮೈಯಲ್ಲೇ ಅತಿ ಚಿಕ್ಕ ಮೂಳೆ. ಸುಮಾರು 3 ಮಿಲಿಮೀಟರ್, ನಮ್ಮೂರ ಮಂಡಕ್ಕಿಯ ಒಂದು ಕಾಳಿನ ಅರ್ಧವೂ ಇಲ್ಲ. ಅದು ಕಾಕ್ಲಿಯಾ ಅನ್ನೋ ಸುರುಳಿಯ ಬಾಗಿಲು ಬಡಿಯುತ್ತದೆ. ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡಿರುವ ಸುರುಳಿ, ಒಳಗೆಲ್ಲ ದ್ರವ. ಆ ದ್ರವ ಅಲುಗಿದಾಗ ಅದನ್ನು ವಿದ್ಯುತ್ ಸಂಕೇತ ಮಾಡುವುದು ಕೂದಲಿನ ಹಾಗೆ ಕಾಣುವ ಮೊನೆಗಳಿರುವ ಕೋಶಗಳು. ಹೇರ್ ಸೆಲ್ಸ್ ಅಂತಾರೆ. ಒಂದು ಕಿವಿಗೆ ಸುಮಾರು 15,000. ಅಲ್ಲಿಂದ ಮುಂದೆ ಮಿದುಳಿಗೆ ಸಾಗಿಸುವುದಷ್ಟೇ ನರದ ಕೆಲಸ.

ಸೆನ್ಸರಿನ್ಯೂರಲ್ ಅಂದರೆ ತೊಂದರೆ ಕಾಕ್ಲಿಯಾದಲ್ಲಿ ಅಥವಾ ನರದಲ್ಲಿ ಇದೆ ಅಂತ. ವಯಸ್ಸಾದವರಲ್ಲಿ, ಗದ್ದಲದಲ್ಲಿ ದುಡಿದವರಲ್ಲಿ ಮೊದಲು ಹೋಗಿರುವುದು ಸಾಮಾನ್ಯವಾಗಿ ಆ ಕೋಶಗಳೇ. ಹೇಳುವವರು ಚುಟುಕಾಗಿ ‘ನರ’ ಅಂದುಬಿಡುತ್ತಾರೆ, ಕೇಳಿದವರು ಟಾನಿಕ್ ಹುಡುಕಿಕೊಂಡು ಹೋಗುತ್ತಾರೆ. ಸತ್ತ ಹೇರ್ ಸೆಲ್ ಮನುಷ್ಯನಲ್ಲಿ ಮತ್ತೆ ಹುಟ್ಟಲ್ಲ. ತಮಾಷೆ ಅಂದರೆ ಕೋಳಿಗೆ ಹುಟ್ಟುತ್ತವೆ! ರಕ್ತ ಪರೀಕ್ಷೆಯಲ್ಲಿ ಬಿ12 ಕಡಿಮೆ ಬಂದಿದ್ದರೆ ಅದಕ್ಕೆ ಮಾತ್ರೆ ತಗೊಳ್ಳಿ, ಬೇಡ ಅನ್ನಲ್ಲ. ಕಿವಿಗಾಗಿ ಸುಮ್ನೆ ದುಡ್ಡು ಹಾಕಬೇಡಿ.

ಇದು ನಿಜವಾಗಿ ಒಳಕಿವಿಯದ್ದೇ ಅಂತ ಅವರಿಗೆ ಹೇಗೆ ಗೊತ್ತಾಯಿತು? ಗ್ರಾಫ್ ತೆಗೆದು ನೋಡಿ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಿಸು ಗುರುತು. ಇವು ಹೆಡ್‌ಫೋನ್ ಹಾಕಿ, ಗಾಳಿಯ ಮೂಲಕ ಕೇಳಿಸಿದ್ದು. ಆಮೇಲೆ ಕಿವಿಯ ಹಿಂದಿನ ಮೂಳೆಗೆ ಒಂದು ಪುಟ್ಟ ಬಿಲ್ಲೆ ಒತ್ತಿ ಕೂರಿಸಿ ಮತ್ತೊಮ್ಮೆ ಕೇಳಿಸಿರುತ್ತಾರೆ, ಅಪ್ಪಾಜಿಯನ್ನು ಕೇಳಿ, ನೆನಪಿರುತ್ತದೆ. ಆ ಶಬ್ದ ತಮಟೆಯ ಹಂಗಿಲ್ಲದೆ ತಲೆಬುರುಡೆಯ ಮೂಲಕ ನೇರ ಕಾಕ್ಲಿಯಾಕ್ಕೆ ಹೋಗುತ್ತದೆ. ಮೂಳೆಯಿಂದ ಚೆನ್ನಾಗಿ ಕೇಳಿ, ಗಾಳಿಯಿಂದ ಕೇಳದಿದ್ದರೆ ತೊಂದರೆ ದಾರಿಯಲ್ಲಿದೆ ಅಂತ ಅರ್ಥ. ಅದಕ್ಕೆ ಕಂಡಕ್ಟಿವ್ ಅನ್ನುತ್ತಾರೆ. ಗುಗ್ಗೆ ಕಟ್ಟಿರಬಹುದು, ತಮಟೆ ತೂತಾಗಿ ಕಿವಿ ಸೋರುತ್ತಿರಬಹುದು, ಸ್ಟೇಪಿಸ್ ಅಲುಗಾಡದೆ ಬಿಗಿದುಕೊಂಡಿರಬಹುದು. ಕೊನೆಯದಕ್ಕೆ ಓಟೋಸ್ಕ್ಲೆರೋಸಿಸ್ ಅಂತ ಹೆಸರು. ಕ್ಲೀನ್ ಮಾಡಿ, ಔಷಧಿ ಕೊಟ್ಟು, ಆಪರೇಷನ್ ಮಾಡಿ ಸರಿಪಡಿಸುವ ಸಾಧ್ಯತೆ ಜಾಸ್ತಿ ಇರುವುದು ಇವುಗಳಲ್ಲೇ. ಒಂದೇ ಕಿವಿಯ ಗಾಳಿಯ ಗೆರೆ, ಮೂಳೆಯ ಗೆರೆ ಎರಡೂ ಒಟ್ಟೊಟ್ಟಿಗೆ ಕೆಳಗಿಳಿದಿದ್ದರೆ ಸೆನ್ಸರಿನ್ಯೂರಲ್. ಎರಡೂ ಇಳಿದು ನಡುವೆ ಅಂತರವೂ ಇದ್ದರೆ ಮಿಕ್ಸೆಡ್.

ಮಿಲ್ಲಿನ ವಿಷಯ ಹೇಳಿ ಒಳ್ಳೆಯದು ಮಾಡಿದಿರಿ. ಮಗ್ಗದ ಹಾಲ್‌ನಲ್ಲಿ 90 ಡೆಸಿಬಲ್ ದಾಟುವುದು ಮಾಮೂಲು. ಅಂಥ ಕಡೆ ದುಡಿದವರ ಗ್ರಾಫ್ 4,000 ಹರ್ಟ್ಸ್ ಹತ್ತಿರ, ಅಂದರೆ ಕೀಚಲು ಶಬ್ದಗಳ ಕಡೆ, ಗುಂಡಿಗೆ ಬಿದ್ದ ಹಾಗೆ ಇಳಿದಿರುತ್ತದೆ. ಆಮೇಲೆ ವಯಸ್ಸಿನ ಸವೆತ ಸೇರಿಕೊಂಡರೆ ಆ ಗುಂಡಿ ಹರಡಿ ಇಳಿಜಾರಾಗುತ್ತದೆ. ವಯಸ್ಸಿನದಕ್ಕೆ ಪ್ರೆಸ್ಬಿಕ್ಯುಸಿಸ್ ಅನ್ನುತ್ತಾರೆ. ಇದರಿಂದ ಮನೆಯಲ್ಲಿ ಏನಾಗುತ್ತದೆ ಅಂದರೆ, ಸ್ವರಗಳು ಕೇಳುತ್ತವೆ, ಸ, ಶ, ತ, ಕ ಅಂಥವು ಉದುರಿಹೋಗುತ್ತವೆ. ಊಟಕ್ಕೆ ಕೂತಾಗ ‘ಸಾರು ಹಾಕ್ಲಾ’ ಅಂತೀರಿ, ಅವರು ‘ಯಾವ ಕಾರು?’ ಅಂತಾರೆ. ನೀವು ಕೂಗುತ್ತೀರಿ. ಕೂಗಿದಾಗ ಜೋರಾಗುವುದು ಹೆಚ್ಚಾಗಿ ‘ಆ’ ಮತ್ತು ‘ಉ’, ಸಕಾರ ಅಲ್ಲ. ‘ಬೇಕಾದ್ದು ಮಾತ್ರ ಕೇಳುತ್ತೆ ಇವರಿಗೆ’ ಅಂತ ಮನೆಯವರು ಬೈಯುವುದೂ ಇದರಿಂದಲೇ. ಪಾಪ, ಅವರು ಬೇಕಂತ ಮಾಡುತ್ತಿಲ್ಲ.

ಒಂದು ಎಚ್ಚರಿಕೆ. ಕಿವಿ ಇದ್ದಕ್ಕಿದ್ದ ಹಾಗೆ, ಒಂದೆರಡು ದಿನದಲ್ಲಿ ಮಂದವಾದರೆ ಅದು ಬೇರೆ ಕಥೆ. ಅದೂ ಸೆನ್ಸರಿನ್ಯೂರಲ್ ಆಗಿರಬಹುದು, ಆದರೆ ಬೇಗ ಸ್ಟೆರಾಯ್ಡ್ ಶುರುಮಾಡಿದರೆ ಕೆಲವರಿಗೆ ಮರಳಿ ಬರುತ್ತದೆ. ಬಿಸಿ ಎಣ್ಣೆ ಬಿಟ್ಟುಕೊಂಡು ವಾರ ಕಾಯಬೇಡಿ. ಅವತ್ತೇ ಕಿವಿ ಡಾಕ್ಟರ ಹತ್ತಿರ ಹೋಗಿ.

ಅಪ್ಪಾಜಿಗೆ ಮಷೀನೇ ಸರಿ. ಅವರ ಗ್ರಾಫ್ ನೋಡಿ, ಯಾವ ಶಬ್ದ ಕಡಿಮೆ ಕೇಳುತ್ತದೋ ಅದನ್ನಷ್ಟೇ ಏರಿಸುವ ಹಾಗೆ ಆಡಿಯಾಲಜಿಸ್ಟ್ (ಕಿವಿ ಟೆಸ್ಟ್ ಮಾಡುವ ತಜ್ಞರು) ಕೈಲಿ ಸೆಟ್ ಮಾಡಿಸಬೇಕು. ಎಲ್ಲವನ್ನೂ ಒಂದೇ ಸಮ ಜೋರು ಮಾಡುವ ಅಗ್ಗದ ಡಬ್ಬಿ ತಂದರೆ ಮೂರೇ ದಿನಕ್ಕೆ ಬೀರು ಸೇರುತ್ತದೆ. ಹೊಸದರಲ್ಲಿ ತಟ್ಟೆ ಲೋಟದ ಸದ್ದೂ ಕಿರಿಕಿರಿ ಅನಿಸುತ್ತದೆ, ಒಗ್ಗಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಟಿವಿ ಆರಿಸಿ, ಎದುರಿಗೆ ಬಂದು, ಮುಖ ಕಾಣುವ ಹಾಗೆ ನಿಂತು, ನಿಧಾನಕ್ಕೆ ಕೇಳಿ: ‘ಅಪ್ಪಾಜಿ, ಅನ್ನಕ್ಕೆ ಸಾರು ಹಾಕ್ಲಾ?’