ಮೂರು ಬೆರಳಿನ ಲೆಕ್ಕ

ಓದುತ್ತಾ ಓದುತ್ತಾ ಒಂದು ಕೆಲಸ ಮಾಡಿ. ತೋರುಬೆರಳು, ನಡುಬೆರಳು, ಉಂಗುರದ ಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವ ಹಾಗೆ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ನಿಲ್ಲಿಸಿ ನೋಡಿ. ಹಿಡಿಸಿತು, ಅಲ್ವಾ? ನನ್ನ ಸೋದರಮಾವನಿಗೆ ಕೆನ್ನೆಯ ಒಳಗಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿ, ರೇಡಿಯೇಷನ್ ಮುಗಿದು ಆರು ತಿಂಗಳಾಗುವಷ್ಟರಲ್ಲಿ ಒಂದೂವರೆ ಬೆರಳು ಹಿಡಿಸುತ್ತಿತ್ತು, ಅಷ್ಟೇ.

ಸ್ಕ್ಯಾನ್ ಕ್ಲೀನ್ ಇತ್ತು. ಡಾಕ್ಟರಿಗೆ ಖುಷಿ, ನಮಗೂ ಖುಷಿ. ಮಾವ ಮಾತ್ರ ಇಡ್ಲಿಯನ್ನು ಚೂರು ಚೂರು ಮುರಿದು ಹಲ್ಲಿನ ಸಂದಿಯಲ್ಲಿ ಒಳಗೆ ತಳ್ಳುತ್ತಾ ಕೂತಿರುತ್ತಿದ್ದರು.

ನಮ್ಮ ದೇಶದಲ್ಲಿ ಕಾಣುವ ಕ್ಯಾನ್ಸರ್‌ಗಳಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ತಲೆ ಮತ್ತು ಕುತ್ತಿಗೆ ಭಾಗದ್ದು. ಬಾಯಿ, ನಾಲಿಗೆ, ಗಂಟಲು, ಧ್ವನಿಪೆಟ್ಟಿಗೆ ಎಲ್ಲ ಸೇರಿ. ಗುಟ್ಕಾ, ಕಡ್ಡಿಪುಡಿ, ಬೀಡಿ ಬಗ್ಗೆ ಭಾಷಣ ಬೇಕಾದಷ್ಟು ಆಗಿದೆ, ನಾನು ಮತ್ತೆ ಶುರು ಮಾಡುವುದಿಲ್ಲ. ಕಾಯಿಲೆ ವಾಸಿಯಾದವರು ಆಮೇಲೆ ಹೇಗಿರುತ್ತಾರೆ ಅನ್ನುವ ಮಾತೇ ಕಮ್ಮಿ.

ಬಾಯಿ ಯಾಕೆ ಕಟ್ಟುತ್ತದೆ? ಅಗಿಯುವ ಸ್ನಾಯುಗಳಿಗೆ ರೇಡಿಯೇಷನ್ ಬಿದ್ದರೆ ಅವು ನಿಧಾನಕ್ಕೆ ಗಟ್ಟಿಯಾಗಿ, ಒಣಗಿದ ತೊಗಲಿನಂತೆ ಬಿಗಿಯುತ್ತವೆ. ಚಿಕಿತ್ಸೆ ಮುಗಿದ ಮೇಲೂ ತಿಂಗಳುಗಟ್ಟಲೆ ಇದು ನಡೆಯುತ್ತಲೇ ಇರುತ್ತದೆ. ಬಾಯಿ 35 ಮಿಲಿಮೀಟರ್‌ಗಿಂತ ಹೆಚ್ಚು ತೆರೆಯದಿದ್ದರೆ ಅದನ್ನು ಟ್ರಿಸ್ಮಸ್ ಅನ್ನುತ್ತಾರೆ. ದಿನಾ ವ್ಯಾಯಾಮ ಮಾಡಿದರೆ ಬಿಗಿತ ಎಷ್ಟೋ ತಡೆಯಬಹುದು, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಮಾವನ ಡಿಸ್ಚಾರ್ಜ್ ಚೀಟಿಯಲ್ಲಿ ಒಂಬತ್ತು ಮಾತ್ರೆಗಳ ಹೆಸರಿತ್ತು. ವ್ಯಾಯಾಮದ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇನ್ನು ಎಂಜಲು. ಇದ್ದಾಗ ಯಾರಿಗೂ ಬೇಡದ ವಸ್ತು. ನಮ್ಮ ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಊರುತ್ತದೆ. ಊಟದ ಹೊತ್ತಿಗೆ ನೀರಿನಂಥ ತೆಳು ಎಂಜಲು ಬರುವುದು ಮುಖ್ಯವಾಗಿ ಕಿವಿಯ ಮುಂದೆ, ಕೆಳಗೆ ಇರುವ ಗ್ರಂಥಿಗಳಿಂದ. ವಾರಕ್ಕೆ ಐದು ದಿನದಂತೆ ಆರೇಳು ವಾರ ರೇಡಿಯೇಷನ್ ಕೊಡುವಾಗ ಪಾಪ ಅವೂ ಸುಟ್ಟುಹೋಗುತ್ತವೆ. ಉಳಿಯುವುದು ಗೋಂದಿನಂಥ ಅಂಟು. ಚಪಾತಿ ಗಂಟಲಲ್ಲಿ ಇಳಿಯುವುದಿಲ್ಲ, ಒಗ್ಗರಣೆಯ ಒಂದು ಮೆಣಸಿನಕಾಯಿ ಚೂರು ಸಿಕ್ಕಿದರೂ ಬಾಯೆಲ್ಲ ಬೆಂಕಿ, ರಾತ್ರಿ ನಾಲ್ಕು ಸಲ ಎದ್ದು ನೀರು ಕುಡಿಯಬೇಕು. ಎಂಜಲಿಲ್ಲದ ಬಾಯಲ್ಲಿ ಹಲ್ಲು ಬೇಗ ಹುಳುಕಾಗುತ್ತದೆ. ರೇಡಿಯೇಷನ್ ಬಿದ್ದ ದವಡೆಯಲ್ಲಿ ಹಲ್ಲು ಕಿತ್ತರೆ ಮೂಳೆ ಮಾಯದೆ ಕೊಳೆಯುವ ಭಯವೂ ಇದೆ. ಅದಕ್ಕೇ ರೇಡಿಯೇಷನ್‌ಗೆ ಮೊದಲೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿಬರಬೇಕು.

ಎಂಜಲಿನ ಗ್ರಂಥಿ ಉಳಿಸುವ ದಾರಿಯೂ ಇದೆ. ಐಎಂಆರ್‌ಟಿ ಅನ್ನುವ ರೇಡಿಯೇಷನ್‌ನಲ್ಲಿ ಕಿರಣಗಳನ್ನು ಗಡ್ಡೆಯ ಆಕಾರಕ್ಕೆ ತಕ್ಕ ಹಾಗೆ ರೂಪಿಸುತ್ತಾರೆ, ಗ್ರಂಥಿಗೆ ಬೀಳುವುದು ಕಮ್ಮಿಯಾಗುತ್ತದೆ. ಬ್ರಿಟನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪಾರ್‌ಸ್ಪೋರ್ಟ್ ಅಧ್ಯಯನದಲ್ಲಿ, ಹಳೆಯ ವಿಧಾನದಲ್ಲಿ ಚಿಕಿತ್ಸೆ ಪಡೆದವರಲ್ಲಿ ಶೇ. 74 ಮಂದಿಗೆ ಒಂದು ವರ್ಷವಾದರೂ ಬಾಯಿ ಸಾಕಷ್ಟು ಒಣಗುತ್ತಿತ್ತು. ಐಎಂಆರ್‌ಟಿ ಪಡೆದವರಲ್ಲಿ ಅದು ಶೇ. 38. ಅರ್ಧಕ್ಕರ್ಧ!

ಇಂಥದ್ದನ್ನೆಲ್ಲ ಅಳೆಯಲು ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಒಆರ್‌ಟಿಸಿ 35 ಪ್ರಶ್ನೆಗಳ ಒಂದು ಪಟ್ಟಿ ಮಾಡಿದೆ. ನನಗೆ ಅದು ಇಷ್ಟವಾಗಿದ್ದು ಅದರ ಸೂಕ್ಷ್ಮಕ್ಕೆ. ಬಾಯಿ ಒಣಗುತ್ತದಾ ಅಂತ ಒಂದು ಪ್ರಶ್ನೆ, ಎಂಜಲು ಅಂಟಂಟಾ ಅಂತ ಬೇರೆ ಪ್ರಶ್ನೆ. ಮನೆಯವರ ಮುಂದೆ ಊಟ ಮಾಡಲು ಕಷ್ಟವಾ ಅಂತ ಒಂದು, ಹೊರಗಿನವರ ಮುಂದೆ ಕಷ್ಟವಾ ಅಂತ ಇನ್ನೊಂದು. ಈ ಕೊನೆಯದು ನಮ್ಮ ಮದುವೆ ಮನೆಗಳನ್ನು ನೋಡಿಯೇ ಬರೆದ ಹಾಗಿದೆ. ಪಂಕ್ತಿಯಲ್ಲಿ ಕೂತರೆ ಎಲ್ಲರದೂ ಆಗುವ ತನಕ ಏಳುವಂತಿಲ್ಲ ತಾನೇ? ಅಕ್ಕಪಕ್ಕದವರು ಮಜ್ಜಿಗೆ ಮುಗಿಸಿ ಕೈ ಒಣಗಿಸಿಕೊಂಡು ಕಾಯುತ್ತಿದ್ದಾರೆ, ಮಾವ ಇನ್ನೂ ಸಾರನ್ನದಲ್ಲೇ ಇದ್ದಾರೆ, ತುತ್ತಿಗೊಂದು ಗುಟುಕು ನೀರು, ತುಟಿಯ ಅಂಚಲ್ಲಿ ಜಾರುವುದನ್ನು ಒರೆಸಲು ಎಡಗೈಯಲ್ಲಿ ಕರ್ಚೀಫು. ಎರಡು ಮದುವೆ ಹೀಗಾಯಿತು. ಆಮೇಲೆ ಅವರು ಮುಯ್ಯಿಯ ಕವರ್ ನಮ್ಮ ಕೈಯಲ್ಲಿ ಕಳಿಸತೊಡಗಿದರು.

ಧ್ವನಿಪೆಟ್ಟಿಗೆ ತೆಗೆದವರದು ಇನ್ನೊಂದು ಕತೆ. ಉಸಿರಾಟ ಕುತ್ತಿಗೆಯ ತೂತಿನಿಂದ, ಹಾಗಾಗಿ ಮಾತಷ್ಟೇ ಅಲ್ಲ, ವಾಸನೆಯೂ ಹೋಗುತ್ತದೆ, ಮೂಗಿನಲ್ಲಿ ಗಾಳಿಯೇ ಆಡುವುದಿಲ್ಲವಲ್ಲ. ನೆದರ್ಲೆಂಡ್ಸ್‌ನ ವೈದ್ಯರು ಇದಕ್ಕೊಂದು ಉಪಾಯ ಕಂಡುಕೊಂಡರು: ತುಟಿ ಮುಚ್ಚಿಕೊಂಡೇ, ಮೀಟಿಂಗ್‌ನಲ್ಲಿ ಆಕಳಿಕೆ ಮುಚ್ಚಿಡುವವರ ಹಾಗೆ, ದವಡೆ ಕೆಳಗಿಳಿಸುವುದು. ಮೂಗಿನೊಳಗೆ ಒಂಚೂರು ಗಾಳಿ ಎಳೆದುಕೊಳ್ಳುತ್ತದೆ. ಅಷ್ಟರಲ್ಲಿ ಕಾಫಿಯ ಘಮ ಸಿಗುತ್ತದೆ. ಮಾತಿಗೆ ಶ್ವಾಸನಾಳ ಮತ್ತು ಅನ್ನನಾಳದ ನಡುವೆ ಒಂದು ಪುಟ್ಟ ವಾಲ್ವ್ ಕೂರಿಸುತ್ತಾರೆ. ಕುತ್ತಿಗೆಯ ತೂತನ್ನು ಬೆರಳಿನಿಂದ ಮುಚ್ಚಿದರೆ ಉಸಿರು ಅನ್ನನಾಳಕ್ಕೆ ನುಗ್ಗಿ ಅದರ ಗೋಡೆಯನ್ನೇ ಅದುರಿಸಿ ದನಿ ಮಾಡುತ್ತದೆ. ವಿದೇಶದ ವಾಲ್ವ್‌ಗೆ ಹತ್ತಾರು ಸಾವಿರ ರೂಪಾಯಿ, ಅದೂ ಆಗಾಗ ಬದಲಿಸಬೇಕು. ಬೆಂಗಳೂರಿನ ಸರ್ಜನ್ ಡಾ. ವಿಶಾಲ್ ರಾವ್, ಗೆಳೆಯ ಶಶಾಂಕ್ ಮಹೇಶ್ ಜೊತೆ ಸೇರಿ ಸುಮಾರು 50 ರೂಪಾಯಿಯ 'ಓಂ' ವಾಲ್ವ್ ಮಾಡಿದ್ದು ಇದಕ್ಕೇ.

ಮಾವನಿಗೆ ವ್ಯಾಯಾಮ ಹೇಳಿಕೊಟ್ಟವರು ಆಮೇಲೆ ಸಿಕ್ಕಿದ ಒಬ್ಬರು ಫಿಸಿಯೋಥೆರಪಿ ಹುಡುಗಿ. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಳ್ಳಬೇಕು, ಒಂದಷ್ಟು ಹೊತ್ತು ತಡೆಯಬೇಕು, ಕೆಲವು ದಿನ ಬಿಟ್ಟು ಮಧ್ಯೆ ಇನ್ನೊಂದು ಕಡ್ಡಿ ತೂರಿಸಬೇಕು. ಕಣ್ಣಲ್ಲಿ ನೀರು ಬರುತ್ತಿತ್ತು. ಶುರುವಿನಲ್ಲಿ ಹನ್ನೊಂದು ಕಡ್ಡಿ ಇದ್ದದ್ದು ಈಗ ಹದಿನಾರು. ರಬ್ಬರ್ ಬ್ಯಾಂಡ್ ಹಾಕಿದ ಆ ಕಟ್ಟು ಟಿವಿ ಪಕ್ಕ ಇರುತ್ತದೆ, ವಾರ್ತೆ ಶುರುವಾದರೆ ಬಾಯಿಗೆ ಹೋಗುತ್ತದೆ. ಹೋದ ತಿಂಗಳು ಮದುವೆಗೆ ಬಂದಿದ್ದರು. ಕೊನೇ ಪಂಕ್ತಿಗೇ ಕೂತರು, ಅಡುಗೆಯವರ ಜೊತೆ.