ಗುಹೆಯ ಪಾಚಿ, ಕಡಲಿನ ಹಸಿರು ಹುಳು

ಮಳೆ ಹಿಡಿದರೆ ಉಡುಪಿಯ ಮುರಕಲ್ಲಿನ ಗೋಡೆಗಳೆಲ್ಲ ಹಸಿರಾಗುತ್ತವೆ. ಅದಕ್ಕೂ ಪಾಚಿ ಅಂತೇವೆ, ಕಾಪು ದೀಪಸ್ತಂಭದ ಬಂಡೆ ಮೇಲೆ ಕಾಲು ಜಾರಿಸುವುದಕ್ಕೂ ಪಾಚಿ ಅಂತೇವೆ. ಗೋಡೆಯದ್ದು ಹೆಚ್ಚಾಗಿ ಮಾಸ್, ಪುಟ್ಟ ಗಿಡ. ಕಡಲಿನದ್ದು ಆಲ್ಗೆ, ಬಳಗವೇ ಬೇರೆ. ಆದರೆ ಎರಡರ ಒಳಗೂ ಬಿಸಿಲಲ್ಲಿ ಅಡುಗೆ ಮಾಡುವುದು ಕ್ಲೋರೋಪ್ಲಾಸ್ಟ್ ಎಂಬ ಹಸಿರು ಕಣ. ಆ ಕಣದ ಎರಡು ಕತೆ ನನ್ನನ್ನು ಬಿಡುತ್ತಲೇ ಇಲ್ಲ.

ಮೊದಲನೆಯದು ಶಿಸ್ಟೋಸ್ಟೆಗಾ. ಉತ್ತರದ ತಂಪು ನಾಡುಗಳ ಗುಹೆ, ಬಂಡೆಬಿರುಕುಗಳಲ್ಲಿ ಬೆಳೆಯುವ ಅಪರೂಪದ ಮಾಸ್. ಕತ್ತಲಲ್ಲಿ ಹೊನ್ನಿನಂತೆ ಹೊಳೆಯುತ್ತದೆ. ನಮ್ಮಲ್ಲಿ ನಿಧಿಗೆ ಹಾವು ಕಾವಲು ಅಂತಾರಲ್ವಾ, ಯುರೋಪಿನಲ್ಲಿ ಇದನ್ನು ಕುಳ್ಳ ದೆವ್ವಗಳ ಚಿನ್ನ ಎಂದರು. ಬಾಚಿ ಹೊರಗೆ ತಂದರೆ ಕೈಯಲ್ಲಿ ಬರೀ ಮಣ್ಣು!

ಮಾಯೆ ಏನೂ ಇಲ್ಲ. ಎಳೆಯ ಮಾಸಿನ ಜೀವಕೋಶಗಳು ನೀರು ತುಂಬಿದ ಗಾಜಿನ ಗೋಲಿಗಳಂತೆ ಇರುತ್ತವೆ. ಗುಹೆಯ ಬಾಯಿಂದ ಬರುವ ಚೂರು ಬೆಳಕನ್ನು ಭೂತಗನ್ನಡಿಯ ಹಾಗೆ ಹಿಂಬದಿಗೆ ಕೂಡಿಸುತ್ತವೆ. ಕ್ಲೋರೋಪ್ಲಾಸ್ಟ್‌ಗಳು ಅಲ್ಲಿಗೇ ಸರಿದು ಗುಂಪುಗೂಡುತ್ತವೆ, ಚಳಿಗೆ ಒಲೆಯ ಮುಂದೆ ಕೂತವರ ಹಾಗೆ. ಬೆಳಕಿನ ದಿಕ್ಕು ಬದಲಾದರೆ ಅವೂ ಜಾಗ ಬದಲಿಸುತ್ತವೆ. ಕೆಂಪು, ನೀಲಿ ಬೆಳಕು ಜಾಸ್ತಿ ಅಡುಗೆಗೆ ಹೋಗುತ್ತದೆ. ಉಳಿದ ಹಸಿರು ಬಂದ ದಾರಿಯಲ್ಲೇ ವಾಪಸ್ಸು. ರಾತ್ರಿ ಟಾರ್ಚ್ ಬಿಟ್ಟಾಗ ಬೆಕ್ಕಿನ ಕಣ್ಣು ಹೊಳೆಯುವುದು ನೋಡಿದ್ದೀರಲ್ಲ, ಹಾಗೇ. ಬೆಳಕಿಗೆ ಬೆನ್ನು ಹಾಕಿ ನೋಡಿದರೆ ಹೊನ್ನು, ಪಕ್ಕಕ್ಕೆ ಸರಿದರೆ ಏನೂ ಇಲ್ಲ. ಸ್ವಂತ ಬೆಳಕು ಅದಕ್ಕೆ ಇಲ್ಲವೇ ಇಲ್ಲ.

ಎರಡನೆಯದು ಎಲಿಸಿಯಾ ವಿರಿಡಿಸ್. ಯುರೋಪಿನ ಕರಾವಳಿಯಲ್ಲಿ ಸಾಮಾನ್ಯವಾಗಿ ಕಾಣುವ, ಚಿಪ್ಪಿಲ್ಲದ ಕಡಲ ಬಸವನಹುಳು. ಆಲ್ಗೆಯ ಕೋಶಕ್ಕೆ ಹಲ್ಲಿನಿಂದ ತೂತು ಕೊರೆದು, ಬೊಂಡದ ನೀರು ಹೀರಿದ ಹಾಗೆ ಹೀರುತ್ತದೆ. ಉಳಿದದ್ದೆಲ್ಲ ಜೀರ್ಣ, ಕ್ಲೋರೋಪ್ಲಾಸ್ಟ್ ಮಾತ್ರ ಜೋಪಾನ. ಹಾಗಾಗಿ ಮೈಯೆಲ್ಲ ಹಸಿರು.

ಇದನ್ನು ನೋಡಿ 'ಬಿಸಿಲು ತಿಂದು ಬದುಕುವ ಪ್ರಾಣಿ' ಅಂತ ಎಲ್ಲ ಕಡೆ ಬರೆಯುತ್ತಾರೆ. ಅದು ಅರ್ಧ ಸತ್ಯ. ಈ ಹುಳುವಿನ ಎರಡು ನೆಂಟರನ್ನು ಕತ್ತಲಲ್ಲಿ ವಾರಗಟ್ಟಲೆ ಉಪವಾಸ ಇಟ್ಟು ನೋಡಿದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಅವು ಸಾಯಲಿಲ್ಲ. ಬೆಳಕಿದ್ದಾಗ ಕಣಗಳು ಕೆಲಸ ಮಾಡುವುದು ನಿಜ, ಆದರೆ ಜೀವ ನಿಂತಿರುವುದು ಅದೊಂದರ ಮೇಲಲ್ಲ. ಮಳೆಗಾಲಕ್ಕೆ ಭರಣಿಯಲ್ಲಿ ಉಪ್ಪಿನಕಾಯಿ ಇಟ್ಟ ಹಾಗೆ ಇಟ್ಟುಕೊಂಡು, ಹಸಿವಾದಾಗ ಆ ಕಣಗಳನ್ನೇ ಕರಗಿಸಿಕೊಳ್ಳುತ್ತವೆ ಎಂಬುದು ಒಂದು ವಿವರಣೆ.

ಮಾಸಿಗೆ ಆ ದಾರಿ ಇಲ್ಲ. ಗುಹೆಯ ಬಾಯಿಗೆ ಒಂದು ಕಲ್ಲು ಅಡ್ಡ ಬಿದ್ದರೆ ಅದರ ಒಲೆ ಆರಿತು.