ಪದ ಪರಿಚಯ: ಹಾರುಬೂದಿ

ನವಲಗುಂದ, ನರಗುಂದ, ಅಣ್ಣಿಗೇರಿ ಕಡೆ ಓಡಾಡುವವರಿಗೆ ಗೊತ್ತು: ಹೊಸ ರಸ್ತೆಯೂ ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಅಲೆಅಲೆಯಾಗಿ ಏಳುತ್ತದೆ. "ಎಂಥಾ ಡಾಂಬರ್ ಹಾಕ್ಯಾರೋ" ಎಂದು ಬೈಯುತ್ತೇವೆ. ಬಹಳ ಸಲ ತೊಂದರೆ ಇರುವುದು ಕೆಳಗಿನ ಕಪ್ಪು ಎರೆಮಣ್ಣಿನಲ್ಲಿ. ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರಿಯುವ, ಮಳೆ ಬಿದ್ದರೆ ಉಬ್ಬಿ ಚಕ್ಕಡಿ ಗಾಲಿಗೆ ಮೆತ್ತುವ ಈ ಮಣ್ಣು ಮೇಲಿನ ಜಲ್ಲಿಯನ್ನೂ ಎತ್ತಿ ಇಳಿಸುತ್ತದೆ. ಮಸಾರಿಗೆ, ಅಂದರೆ ಕೆಂಪು ನೆಲಕ್ಕೆ, ಈ ಕಾಟವಿಲ್ಲ. ಎರೆ ತೆಗೆದು ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು, ತುಂಬುವುದು ರೂಢಿಯ ಉಪಾಯ. ಅದಕ್ಕೆ ಎಲ್ಲೋ ಒಂದು ಗುಡ್ಡ ಕರಗಬೇಕು. ಇನ್ನೊಂದು ಉಪಾಯ, ಆ ಎರೆಗೇ ಹಾರುಬೂದಿ ಬೆರೆಸುವುದು.

ಉಷ್ಣ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲನ್ನು ಹಿಟ್ಟಿನಂತೆ ಅರೆದು ಉರಿಸುತ್ತಾರೆ. ಭಾರದ ಬೂದಿ ಕೆಳಗೆ ಬೀಳುತ್ತದೆ, ಅದು ತಳಬೂದಿ. ಹೊಗೆಯೊಡನೆ ಮೇಲೇರುವ ಹಗುರ ಬೂದಿಯನ್ನು ಚಿಮಣಿಗೆ ಹೋಗುವ ಮೊದಲೇ ವಿದ್ಯುತ್ ಹರಿಸಿದ ಫಲಕಗಳು ಸೆಳೆದು ಹಿಡಿಯುತ್ತವೆ. ಹಾರುಬೂದಿ ಎಂದರೆ ಇದು. ಒಟ್ಟು ಬೂದಿಯಲ್ಲಿ ನೂರಕ್ಕೆ ಸುಮಾರು 80 ಪಾಲು ಇದೇ. ನಮಗೆ ಹತ್ತಿರದ ದೊಡ್ಡ ಮೂಲ ವಿಜಯಪುರ ಜಿಲ್ಲೆಯ ಕೂಡಗಿ. ಶಕ್ತಿನಗರ, ಕುಡತಿನಿಯಲ್ಲೂ ಸ್ಥಾವರಗಳಿವೆ.

ಬೂದಿ ಇಟ್ಟಿಗೆ ಮಾಡುವಲ್ಲಿ ಒಮ್ಮೆ ಒಂದು ಚಿಟಿಕೆ ತೆಗೆದುಕೊಂಡು ಉಜ್ಜಿ ನೋಡಿದ್ದೆ. ಒಲೆಬೂದಿಯ ತರಿ ಅದರಲ್ಲಿಲ್ಲ, ಮುಖಕ್ಕೆ ಹಚ್ಚುವ ಪೌಡರಿನಂತೆ ಜಾರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚಿನ ಕಣಗಳು ದುಂಡನೆಯ ಗಾಜಿನ ಮಣಿಗಳು. ಅವುಗಳಲ್ಲಿರುವ ಸಿಲಿಕಾ, ಅಲ್ಯೂಮಿನಾ ಎಂಬ ಅಂಶಗಳು ಸುಣ್ಣ ಮತ್ತು ನೀರಿನೊಡನೆ ಕೂಡಿ ಸಿಮೆಂಟಿನಂತೆ ಗಟ್ಟಿಯಾಗುತ್ತವೆ. ರೋಮನ್ನರು ಜ್ವಾಲಾಮುಖಿಯ ಬೂದಿಗೆ ಸುಣ್ಣ ಕಲಸಿ ಕಟ್ಟಿದ್ದೂ ಇದೇ ಗುಣದಿಂದ. ನಮ್ಮ ಕಲ್ಲಿದ್ದಲಿನ ಬೂದಿಯಲ್ಲಿ ಸುಣ್ಣದ ಅಂಶ ಕಡಿಮೆ, ಹೀಗಾಗಿ ಹೊರಗಿನಿಂದ ಬೆರೆಸಬೇಕು. ಎರಡನ್ನೂ ಮಣ್ಣಿಗೆ ಸೇರಿಸಿದಾಗ ಸುಣ್ಣ ಮೊದಲು ಎರೆಯ ಜಿಗುಟು, ಉಬ್ಬುವ ಗುಣ ತಗ್ಗಿಸುತ್ತದೆ. ಆಮೇಲೆ ಬೂದಿಯೊಡನೆ ಸೇರಿ ಮಣ್ಣಿನ ಕಣಗಳನ್ನು ಬೆಸೆಯುತ್ತದೆ. ಯಾವುದು ಎಷ್ಟು ಎಂಬುದನ್ನು ಆಯಾ ಊರಿನ ಮಣ್ಣು ಪರೀಕ್ಷಿಸಿಯೇ ಗೊತ್ತುಮಾಡಬೇಕು. ಒಂದೂರಿನ ಲೆಕ್ಕ ಇನ್ನೊಂದೂರಿಗೆ ನಡೆಯುವುದಿಲ್ಲ.

ಸ್ಥಾವರದ ಸುತ್ತ 50 ಕಿ.ಮೀ. ಒಳಗಿನ ಕಟ್ಟೋಣಕ್ಕೆ ಈ ಬೂದಿ ಬಳಸಬೇಕೆಂದು ಕೇಂದ್ರ ಸರ್ಕಾರ 1999ರಲ್ಲೇ ಅಧಿಸೂಚನೆ ಹೊರಡಿಸಿತು. 2016ರಲ್ಲಿ ಆ ಮಿತಿ 300 ಕಿ.ಮೀ. ಆಯಿತು. ಅಂದರೆ ಧಾರವಾಡ, ಗದಗ ಕೂಡಗಿಯ ಅಳತೆಯೊಳಗೇ ಬಂದವು.

ಹಾಗೆಂದು ತಂದು ಸುರಿದುಬಿಡುವ ಸರಕಲ್ಲ ಇದು. ಇದರಲ್ಲಿ ಆರ್ಸೆನಿಕ್‌ನಂಥ ಧಾತುಗಳ ಅಂಶವೂ ಇರುತ್ತದೆ. ಬಾವಿ, ಹಳ್ಳದ ಮಗ್ಗುಲಲ್ಲಿ ಬರೀ ಬೂದಿ ಗುಡ್ಡೆ ಹಾಕುವುದು ನನ್ನ ಪ್ರಕಾರ ಅಪರಾಧವೇ. ಲಾರಿಗೆ ತಾಡಪತ್ರಿ ಬೇಕು, ಬೂದಿಗೆ ನೀರು ಚಿಮುಕಿಸಬೇಕು, ರಸ್ತೆಯ ಏರಿಗೆ ಬಳಸಿದರೆ ಎರಡೂ ಪಕ್ಕ ದಪ್ಪ ಮಣ್ಣಿನ ಹೊದಿಕೆ ಕೊಡಬೇಕು.

ಗಟ್ಟಿಯಾಗಲು ಇದಕ್ಕೆ ಸಮಯವೂ ಬೇಕು. ಬೆರೆಸಿ, ರೋಲರ್ ಹೊಡೆದ ಮೇಲೆ ಕೆಲವು ದಿನ ಪದರ ಒಣಗದಂತೆ ನೋಡಿಕೊಳ್ಳುತ್ತಾರೆ. ಬೂದುಬಣ್ಣದ ಖಾಲಿ ರಸ್ತೆಗೆ ಟ್ಯಾಂಕರ್ ದಿನಾ ನೀರು ಬಿಡುತ್ತಿದ್ದರೆ ಕೆಲಸ ನಿಂತಿದೆ ಅಂದುಕೊಳ್ಳಬೇಡಿ; ದಯವಿಟ್ಟು ಅದರ ಮೇಲೆ ಟ್ರ್ಯಾಕ್ಟರ್ ಹಾಯಿಸಬೇಡಿ.